ನೂರ ಹದಿನೆಂಟು ಚೀಲಗಳ ಮೇಲಿನ ಮಾತು

ಒಂದು ಚೀಲಕ್ಕೆ ಮೇಲಿನ ಬಟ್ಟೆ ಎಪ್ಪತ್ತೆಂಟು ರೂಪಾಯಿ. ಒಳಪದರಕ್ಕೆ ಹದಿನೆಂಟು, ಎರಡು ಜಿಪ್ಪಿಗೆ ಇಪ್ಪತ್ತೆರಡು, ಹೆಗಲಪಟ್ಟಿ ಮತ್ತು ಬಕಲ್ಲಿಗೆ ಹದಿನಾರು, ದಾರಕ್ಕೆ ಎರಡು. ಮುಂಭಾಗದಲ್ಲಿ ಕಬ್ಬಿನ ಜಲ್ಲೆ, ಸೂರ್ಯ, ಅದರ ಕೆಳಗೊಂದು ಸಾಲು ತಮಿಳು ಅಚ್ಚು ಹಾಕಿಕೊಟ್ಟದ್ದಕ್ಕೆ ಆಲುವದ ಪ್ರಿಂಟಿಂಗಿನವನಿಗೆ ಹನ್ನೊಂದು. ಜಾಯ್ಸ್‌ಗೆ ಕೂಲಿ ನಲವತ್ತು. ಎಲ್ಲ ಸೇರಿ ನೂರ ಎಂಬತ್ತೇಳು. ತಿರುವನಂತಪುರದ ಕನ್ನಡ ಸಂಘದವರು ಕೊಡುವುದು ಇನ್ನೂರು. ಜುಬೈದಾಳಿಗೆ ಉಳಿಯುವುದು ಚೀಲಕ್ಕೆ ಹದಿಮೂರು ರೂಪಾಯಿ. ಅದರಲ್ಲಿ ಅವಳ ಸೊಂಟನೋವಿನ ಲೆಕ್ಕ ಸೇರಿಲ್ಲ.

ನಿರಾಶ್ರಿತರ ಶಿಬಿರದ ಮಕ್ಕಳಿಗೆ ಹೋಗುವ ಚೀಲದಲ್ಲಿ ಇದಕ್ಕಿಂತ ಹೆಚ್ಚು ತೆಗೆಯಲು ಅವಳಿಗೆ ಮನಸ್ಸೂ ಇರಲಿಲ್ಲ. ಹಾಗಂತ ಬರೀ ಪುಣ್ಯಕ್ಕಾಗಿ ಒಪ್ಪಿಕೊಂಡ ಕೆಲಸವೂ ಅದಲ್ಲ. ಕೊಚ್ಚಿಯ ಕಲೂರಿನ ಬಸ್ ಸ್ಟ್ಯಾಂಡಿನ ಹಿಂದೆ ಎರಡು ಮೆಷಿನ್ ಇಟ್ಟುಕೊಂಡು ಹನ್ನೊಂದು ವರ್ಷದಿಂದ ಚೀಲ ಹೊಲಿಯುತ್ತಿರುವ ಅವಳಿಗೆ ಈ ಡಿಸೆಂಬರಿನಲ್ಲಿ ಬಂದ ಕೆಲಸ ಇದೊಂದೇ. ಎರಡನೇ ಮೆಷಿನಿನಲ್ಲಿ ಕೂರುವ ಜಾಯ್ಸ್‌ಗೆ ಆಲುವದ ಗಾರ್ಮೆಂಟಿನವರು ತಿಂಗಳ ಸಂಬಳದ ಆಸೆ ತೋರಿಸಿ ಕರೆಯುತ್ತಿದ್ದರು. ಇಂಥ ಕೈ ಹೋದರೆ ಇನ್ನೊಂದು ಸಿಗುವುದಿಲ್ಲವೆಂದು ಜುಬೈದಾಳಿಗೆ ಗೊತ್ತು.

ಆಗ ಬಂದದ್ದು ಧರಣೇಂದ್ರರ ಮಾತು. ಕಾರ್ಕಳ ಕಡೆಯ ಅವರು ಎರ್ನಾಕುಳಂ ಸುತ್ತ ನಾಲ್ಕು ಶಾಲೆಗಳನ್ನು ನಡೆಸುವ ಒಂದು ಟ್ರಸ್ಟಿನ ಮುಖ್ಯಸ್ಥರು. ತಿರುವನಂತಪುರದ ಕನ್ನಡ ಸಂಘ ಗಡಿಯಾಚೆ, ನಾಗರಕೋವಿಲ್ ಹತ್ತಿರದ ಶ್ರೀಲಂಕಾ ತಮಿಳರ ಶಿಬಿರದ ಮಕ್ಕಳಿಗೆ ಪೊಂಗಲ್ ಉಡುಗೊರೆ ಕೊಡುವುದೆಂದು ಹೊರಟಾಗ ಅರ್ಧ ಹಣ ಹಾಕಿದವರು. ಅಂಗಡಿಗೇ ಬಂದು, ಒಂದು ಚೀಲವನ್ನು ಮಗುಚಿ ಹೊಲಿಗೆ ನೋಡಿ ಹೇಳಿದರು: "ನೋಡಿ ಜುಬೈದಾ ಅವರೆ, ಇದನ್ನು ಹೇಳಿದ ದಿನಕ್ಕೆ ಮುಟ್ಟಿಸಿ. ಕಾರ್ಯಕ್ರಮಕ್ಕೆ ನಾನೂ ಬರ್ತೇನೆ. ಎಲ್ಲ ಸರಿ ಕಂಡ್ರೆ ಜೂನಿಗೆ ನಮ್ಮ ಶಾಲೆಯ ಆರುನೂರು ಚೀಲ ನಿಮಗೇ."

ಆರುನೂರು ಎಂದರೆ ನಾಲ್ಕು ತಿಂಗಳ ಕೆಲಸ. "ಚೇಚೀ, ಆ ಆರುನೂರು ಬಂದರೆ ನಾನೆಲ್ಲಿಗೂ ಹೋಗಲ್ಲ" ಎಂದು ಜಾಯ್ಸ್ ಮಲಯಾಳಂನಲ್ಲಿ ಹೇಳಿದಳು. ಅಂದಿನಿಂದ ಜುಬೈದಾ ಕೂತಲ್ಲಿ ಕೂರಲಿಲ್ಲ. ಊಟ ಮಾಡುವಾಗಲೂ ಬೆರಳು ಜಿಪ್ಪಿನ ಉದ್ದ ಅಳೆಯುತ್ತಿತ್ತು. ವಲ್ಲಾರ್‌ಪಾಡದ ಬಂದರಿನಲ್ಲಿ ಕಂಟೇನರ್ ಟ್ರೇಲರ್ ಓಡಿಸುವ ಗಂಡ ಇಸ್ಮಾಯಿಲ್, "ನೀನು ನಮಾಜಿನಲ್ಲೂ ಚೀಲ ಎಣಿಸ್ತೀಯಲ್ಲ" ಎಂದು ನಗಾಡಿದ.

ಚೀಲದ ಮೇಲಿನ ಆ ತಮಿಳು ಸಾಲಿಗೊಂದು ಹಿನ್ನೆಲೆ ಇತ್ತು. ತಿರುವನಂತಪುರದ ಸಂಘದಲ್ಲಿ ಇರುವವರೆಲ್ಲ ಬಾಹ್ಯಾಕಾಶ ಸಂಸ್ಥೆಗೋ ಕೇಂದ್ರದ ಕಚೇರಿಗೋ ವರ್ಗವಾಗಿ ಬಂದ ಕುಟುಂಬದವರು. ಸಂಕ್ರಾಂತಿಯ ದಿನ ಹಿರಿಯರು ಕಿರಿಯರ ಅಂಗೈಗೆ ಎಳ್ಳುಬೆಲ್ಲ ಹಾಕುವಾಗ "ಬರೋ ಸಂಕ್ರಾಂತಿ ನಿಮ್ಮೂರಲ್ಲೇ ಆಗ್ಲಿ" ಅನ್ನುವುದು, ತೆಗೆದುಕೊಂಡವರು ಕಣ್ಣಿಗೊತ್ತಿಕೊಳ್ಳುವುದು ಮೂವತ್ತು ವರ್ಷದ ರೂಢಿ. ಶುರು ಮಾಡಿದವರು ಕಾರ್ಯದರ್ಶಿ ವೆಂಕಟರಮಣ. ಮೈಸೂರಿಗೆ ವರ್ಗ ಬೇಕೆಂದು ಹದಿನಾಲ್ಕು ಸಲ ಅರ್ಜಿ ಹಾಕಿ, ಒಂದೂ ಆಗದೆ ಖರೀದಿ ವಿಭಾಗದಲ್ಲೇ ನಿವೃತ್ತರಾಗಿ, ಕೊನೆಗೆ ತಿರುವನಂತಪುರದಲ್ಲೇ ಮನೆ ಕಟ್ಟಿಸಿದವರು. ಶಿಬಿರದ ಮಕ್ಕಳಿಗೂ ನಮ್ಮದೇ ಹಾರೈಕೆ ಹೋಗಲಿ ಎಂದು ಅದನ್ನು ತಮಿಳು ಬಲ್ಲ ಹಳೆಯ ಸಹೋದ್ಯೋಗಿಯೊಬ್ಬರಿಂದ ಬರೆಸಿ ಕಳಿಸಿದ್ದರು: ಬೇಗ ನಿಮ್ಮ ಊರು ಸೇರುವಂತಾಗಲಿ.

ಅರ್ಥ ತಿಳಿದಾಗ ಜುಬೈದಾ ಮೆಷಿನ್ ನಿಲ್ಲಿಸಿ ಕಣ್ಣೊರೆಸಿಕೊಂಡಿದ್ದಳು. ಉಪ್ಪಿನಂಗಡಿ ಬಿಟ್ಟು ಇಪ್ಪತ್ತಾರು ವರ್ಷವಾಯಿತು. ಊರು ಸೇರುವುದಕ್ಕಿಂತ ದೊಡ್ಡ ಹಾರೈಕೆ ಇನ್ನೆಂತ ಉಂಟು? ಅಕ್ಷರ ಸಣ್ಣದಾಯಿತು, ದೂರದಿಂದ ಕಾಣಬೇಕು ಎಂದು ಆಲುವದವನಿಗೆ ಹೇಳಿ ದೊಡ್ಡದು ಮಾಡಿಸಿದವಳು ಅವಳೇ.

ಜನವರಿ ಹದಿಮೂರರ ಬೆಳಿಗ್ಗೆ, ತಿರುವನಂತಪುರಕ್ಕೆ ಖಾಲಿ ಹೋಗುತ್ತಿದ್ದ ಇಸ್ಮಾಯಿಲನ ಗೆಳೆಯನ ಪಿಕಪ್ಪಿನಲ್ಲಿ ಚೀಲದ ಗಂಟುಗಳನ್ನು ಹೇರಿಸಿ, ತಾನೂ ಡ್ರೈವರನ ಪಕ್ಕ ಕೂತಳು. ಹರಿಪಾಡ್ ದಾಟುವ ಮೊದಲೇ ಮೂರು ಸಲ ಗಾಡಿ ನಿಲ್ಲಿಸಿ ಹಗ್ಗ ಬಿಗಿಯಾಗಿದೆಯೇ ಎಂದು ನೋಡಿದಳು. ನಾಲ್ಕನೇ ಸಲ ಡ್ರೈವರ್, "ಅಕ್ಕಾ, ಒಳಗಿರೋದು ಚೀಲ. ಕೋಳಿ ಅಲ್ಲ, ಹಾರಿಹೋಗಲ್ಲ" ಎಂದ.

ವೆಂಕಟರಮಣರ ಮನೆಯ ಹಾಲಿನಲ್ಲಿ ಹಬ್ಬದ ಗಲಾಟೆ. ಅವರ ಹೆಂಡತಿ ವಸಂತಾ ಚಾಪೆಯ ಮೇಲೆ ಕೂತು ಎಳ್ಳು, ಕೊಬ್ಬರಿ, ಬೆಲ್ಲ, ಹುರಿಗಡಲೆ ಬೆರೆಸಿ ಪೊಟ್ಟಣ ಕಟ್ಟುತ್ತಿದ್ದರು. ಹನ್ನೆರಡರ ಮೊಮ್ಮಗಳು ಮಹತಿ ಸಂಘದ ಮಕ್ಕಳು ಬರೆದ ಕಾರ್ಡುಗಳನ್ನು ಒಂದೊಂದು ಚೀಲಕ್ಕೆ ಹಾಕುತ್ತಿದ್ದಳು. ಅವಳದೇ ಕಾರ್ಡನ್ನು ಜುಬೈದಾ ಎತ್ತಿ ನೋಡಿದಳು. ಇಂಗ್ಲಿಷಿನಲ್ಲಿ, ನನಗೂ ಗಣಿತ ಬರುವುದಿಲ್ಲ, ನೀನು ಹೆದರಬೇಡ ಎಂದಿತ್ತು.

"ಇದೇನ್ ಧೈರ್ಯ ಹೇಳೋದೇ ನೀನು!" ಅಂದರು ಅಜ್ಜಿ.

"ಸತ್ಯಮಲ್ಲೇ ಅಮ್ಮೂಮ್ಮೇ" ಎಂದಳು ಮಹತಿ. ನಿಜ ತಾನೇ ಅಜ್ಜೀ. ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳಂನಲ್ಲಿ ಉತ್ತರ ಕೊಡುವುದು ಅವಳ ಅಭ್ಯಾಸ.

ಶಿಬಿರಕ್ಕೆ ಹೊರಗಿನವರು ಹೋಗಲು ಅನುಮತಿ ಸಿಕ್ಕಿದ್ದು ಮರುದಿನ, ಹದಿನಾಲ್ಕನೇ ತಾರೀಕು ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮಾತ್ರ. ವೆಂಕಟರಮಣ ಆ ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಜೇಬಿನಲ್ಲೇ ಇಟ್ಟುಕೊಂಡಿದ್ದರು. ಏಳಕ್ಕೆ ಹೊರಡುವುದು. ಧರಣೇಂದ್ರ ನೇರ ಅಲ್ಲಿಗೇ ಬರುವುದು.

ನಾಲ್ಕು ಗಂಟೆಗೆ ಶಿಬಿರದಿಂದ ಒಬ್ಬ ಹುಡುಗಿ ಬಂದಳು. ಹೆಸರು ನಿರೋಜಾ, ಇಪ್ಪತ್ತನಾಲ್ಕಿರಬಹುದು. ಶಿಬಿರದ ಮಕ್ಕಳಿಗೆ ಸಂಜೆ ಪಾಠ ಹೇಳುವವಳು. ಯಾವ ಮಗುವಿಗೆ ಯಾವ ತರಗತಿಯ ನೋಟ್‌ಬುಕ್ಕು ಎಂಬ ಪಟ್ಟಿ ತಂದಿದ್ದಳು. ವೆಂಕಟರಮಣ ಮೊದಲ ಚೀಲವನ್ನು ಅವಳ ಕೈಗಿಟ್ಟು, "ಓದಮ್ಮ, ಓದು. ನಾನೇ ಬರೆಸಿದ್ದು" ಅಂದರು.

ಅವಳು ಓದಿದಳು. "ತುಂಬ ಚೆನ್ನಾಗಿದೆ ಸಾರ್" ಎಂದು ತಮಿಳಿನಲ್ಲಿ ಹೇಳಿ, ಚೀಲವನ್ನು ಕೆಳಗಿಟ್ಟು, ಪಟ್ಟಿ ತೆರೆದಳು.

ಹನ್ನೊಂದು ವರ್ಷ ಗಿರಾಕಿಗಳ ಎದುರು ನಿಂತವಳಿಗೆ ಕೆಲವು ಸಂಗತಿ ಗೊತ್ತಿರುತ್ತದೆ. ಚೀಲ ಮೆಚ್ಚಿದವರು ಹೆಗಲಪಟ್ಟಿ ಎಳೆದು ನೋಡುತ್ತಾರೆ, ಜಿಪ್ಪು ಹಾಕಿ ತೆಗೆಯುತ್ತಾರೆ, ಒಳಗೆ ಕೈ ಹಾಕುತ್ತಾರೆ. ಬೇಡದವರು ಚೆನ್ನಾಗಿದೆ ಅನ್ನುತ್ತಾರೆ ಮತ್ತು ಕವುಚಿ ಇಡುತ್ತಾರೆ. ನಿರೋಜಾ ಚೀಲವನ್ನು ಕವುಚಿ ಇಟ್ಟಿದ್ದಳು. ಅಕ್ಷರ ನೆಲದ ಕಡೆಗೆ.

ಕಾಫಿ ಕುಡಿದು ಅವಳು ಹೊರಟಾಗ ಜುಬೈದಾ ಗೇಟಿನವರೆಗೆ ಹಿಂದೆಯೇ ಹೋದಳು. ಅರ್ಧ ಮಲಯಾಳಂ, ಅರ್ಧ ತಮಿಳಿನಲ್ಲಿ ಕೇಳಿದಳು. "ಮೋಳೇ, ಹೊಲಿಗೆ ನನ್ನದು. ತಪ್ಪಿದ್ದರೆ ಹೇಳು. ಬೈದರೂ ಪರವಾಗಿಲ್ಲ."

"ಹೊಲಿಗೆ ಚೆನ್ನಾಗಿದೆ ಅಕ್ಕಾ."

"ಹಾಗಾದ್ರೆ ಯಾವುದು ಚೆನ್ನಾಗಿಲ್ಲ?"

ನಿರೋಜಾ ಮನೆಯ ಕಡೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. "ನಮ್ಮ ಮಕ್ಕಳು ಓದೋದು ಶಿಬಿರದ ಹೊರಗಿನ ಶಾಲೆಯಲ್ಲಿ. ಅಲ್ಲಿ ಯಾರ ಜೊತೆ ಜಗಳ ಆದರೂ ಕೊನೆಗೆ ಬರೋ ಮಾತು ಒಂದೇ, ನಿಮ್ಮ ಊರಿಗೆ ಯಾವಾಗ ಹೋಗ್ತೀರಿ ಅಂತ. ಇನ್ನು ಯಾರೂ ಬಾಯಿ ಬಿಟ್ಟು ಕೇಳೋದೇ ಬೇಡ. ಬೆನ್ನ ಮೇಲೆ ಬರೆದಿರುತ್ತೆ."

ಜುಬೈದಾ ಗೇಟಿನ ಸರಳು ಹಿಡಿದುಕೊಂಡಳು.

"ನಾನು ಹುಟ್ಟಿದ್ದು ಶಿಬಿರದ ಮೂರನೇ ಸಾಲಿನ ಮನೆಯಲ್ಲಿ" ಎಂದಳು ನಿರೋಜಾ. "ಈ ಮಕ್ಕಳ ಅಪ್ಪ ಅಮ್ಮಂದಿರಲ್ಲೂ ಅರ್ಧ ಜನ ಇಲ್ಲೇ ಹುಟ್ಟಿದವರು. ಯಾವ ಊರು ಸೇರಬೇಕು? ಹೋದ ವರ್ಷ, ವಾಪಸ್ ಕಳಿಸೋದಕ್ಕೆ ಪಟ್ಟಿ ಮಾಡ್ತಿದ್ದಾರಂತೆ ಅಂತ ಎಲ್ಲಿಂದಲೋ ಸುದ್ದಿ ಬಂತು. ಸುಳ್ಳೇ ಇರಬಹುದು. ನಮ್ಮಮ್ಮ ಒಂದು ತಿಂಗಳು ಬಟ್ಟೆಯ ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟುಕೊಂಡೇ ಮಲಗಿದಳು."

"ಒಳಗೇ ಹೇಳಬಾರದಿತ್ತಾ?"

"ಕೊಡಲು ಬಂದವರ ಹತ್ತಿರ ಸರಿಮಾಡಿ ಕೊಡಿ ಅನ್ನೋಕ್ಕಾಗುತ್ತಾ? ಮಕ್ಕಳಿಗೆ ಚೀಲ ಬೇಕು ಅಕ್ಕಾ. ನಾವೇ ಮೇಲೆ ಬಣ್ಣ ಬಳಿದುಕೊಳ್ತೇವೆ, ಬಿಡಿ."

ನೈಲಾನಿನ ಮೇಲೆ ಬಳಿದ ಬಣ್ಣ ಎರಡು ಮಳೆಗೆ ಏಳುತ್ತದೆ. ಒಳಗಿನ ಅಚ್ಚು ಹೋಗುವುದಿಲ್ಲ. ಅಚ್ಚು ಹೋಗಬಾರದೆಂದು ದುಬಾರಿ ಬಣ್ಣ ಹಾಕಿಸಿದವಳೂ ಜುಬೈದಾಳೇ. ಹುಡುಗಿಯ ಫೋನ್ ನಂಬರ್ ತೆಗೆದುಕೊಂಡು ಒಳಗೆ ಬರುವಷ್ಟರಲ್ಲಿ ಅವಳ ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ಅಕ್ಷರದ ಸಾಲು ಎಂಟಿಂಚು ಅಗಲ. ಅದರ ಮೇಲೆ ಒಂಬತ್ತಿಂಚಿನ ಒಂದು ಕಿಸೆ ಕೂರಿಸಿದರೆ ಮುಚ್ಚುತ್ತದೆ. ನೀರಿನ ಬಾಟಲಿಗೆ ಆಗದಿದ್ದರೂ ಕಂಪಾಸ್ ಪೆಟ್ಟಿಗೆಗೆ ಆದೀತು. ಬಟ್ಟೆ ಮೂರೂಕಾಲು ಮೀಟರ್ ಸಾಕು, ಇಲ್ಲಿನ ಚಾಲ ಮಾರ್ಕೆಟ್ಟಿನಲ್ಲಿ ಸಿಗುತ್ತದೆ. ಆದರೆ ಹೊಲಿದು ಮುಗಿದ ಚೀಲವನ್ನು ಮತ್ತೆ ಮೆಷಿನಿಗೆ ಕೊಡುವುದು ಸುಲಭವಲ್ಲ. ವಸಂತಾ ರವಿಕೆ ಹೊಲಿಯುವ ಮೆಷಿನೊಂದು ಈ ಮನೆಯಲ್ಲಿದೆ, ಅದರಲ್ಲಿ ಒಂದಕ್ಕೆ ಹನ್ನೆರಡು ನಿಮಿಷ. ಈಗಿಂದ ಬೆಳಗಾಗುವವರೆಗೆ ಹೊಲಿದರೂ ಅರವತ್ತೈದು. ಅರವತ್ತೈದು ಮಕ್ಕಳಿಗೆ ಕೊಟ್ಟು ಉಳಿದವರನ್ನು ನೋಡುತ್ತ ನಿಲ್ಲಿಸುವುದು ಉಂಟಾ?

ಅವಳು ಹಾಲಿನ ನಡುವೆ ನಿಂತು ಎಲ್ಲವನ್ನೂ ಹೇಳಿದಳು. ಹೇಳಿ, "ಸರ್, ನಾಳೆ ಚೀಲ ಕೊಡುವುದು ಬೇಡ. ಅಕ್ಷರದ ಮೇಲೆ ಕಿಸೆ ಹೊಲಿದು ಆಮೇಲೆ ಕೊಡುವ" ಎಂದಳು.

ವೆಂಕಟರಮಣರ ಮುಖ ಬಿಗಿಯಿತು. "ಏನ್ರೀ ಮೇಡಂ ನೀವು! ಮೂವತ್ತು ವರ್ಷದಿಂದ ನಾವು ಒಬ್ಬರಿಗೊಬ್ಬರು ಹೇಳ್ಕೊಂಡು ಬಂದಿರೋ ಮಾತದು. ಅದ್ರಲ್ಲಿ ಕೆಟ್ಟದ್ದು ಏನಿದೆ?"

"ಕೆಟ್ಟದ್ದು ಇಲ್ಲ ಸರ್. ಅದರ ಅರ್ಥ ಕೇಳಿ ನಾನೂ ಅತ್ತಿದ್ದೇನೆ. ನಮಗೆ ಹೋಗ್ಲಿಕ್ಕೆ ಒಂದು ಊರು ಉಂಟಲ್ಲ, ಅದಕ್ಕೆ ಅದು ಸಿಹಿ. ಆ ಮಕ್ಕಳಿಗೆ ಹೋಗು ಅಂತ ಹೇಳಿದ ಹಾಗೆ ಆಗ್ತದೆ."

"ಯಾರ್ರೀ ಚೀಲದ ಮೇಲೆ ಬರೆದಿದ್ದು ಓದ್ತಾರೆ?"

"ದೂರದಿಂದ ಓದ್ಲಿಕ್ಕೆ ಆಗ್ಬೇಕು ಅಂತ ನಾನೇ ದೊಡ್ಡದು ಮಾಡಿಸಿದ್ದು ಮಾರಾಯ್ರೆ."

"ಪರ್ಮಿಷನ್ ಇರೋದು ನಾಳೆ ಒಂದೇ ದಿನ. ನಾನು ಮೂರು ತಿಂಗಳು ಓಡಾಡಿ ತಗೊಂಡಿದ್ದು. ನಾಳೆ ಏನ್ ಕೊಡ್ಲಿ, ಬರೀ ಎಳ್ಳುಬೆಲ್ಲನಾ?"

ವಸಂತಾ ಪೊಟ್ಟಣ ಕಟ್ಟುತ್ತಲೇ ಹೇಳಿದರು. "ಕೊಡಿ, ಅದನ್ನೇ. ನೀವು ಬರೆಸಿದ್ದಲ್ಲ, ನಾನು ಹುರಿದಿದ್ದು. ಯಾರಿಗೂ ಬೇಜಾರಾಗಲ್ಲ."

"ನೀನು ಸುಮ್ನಿರೇ."

ಆಗ ಮಹತಿ ಕಾರ್ಡುಗಳಿಂದ ತಲೆ ಎತ್ತದೆ, "ಎನ್ನೋಡುಂ ಚೋದಿಕ್ಕಾರುಂಡ್" ಎಂದಳು. ನನ್ನನ್ನೂ ಕೇಳುತ್ತಾರೆ.

"ಏನ್ ಕೇಳ್ತಾರೆ? ಯಾರು?" ವೆಂಕಟರಮಣ ತಿರುಗಿದರು.

ಅವಳು ಅಪರೂಪಕ್ಕೆ ಕನ್ನಡಕ್ಕೆ ಬಂದಳು. ಒಂದೊಂದೇ ಪದ ಹುಡುಕಿ ಹೇಳಿದಳು. "ಕ್ಲಾಸಲ್ಲಿ. ನಿನ್ನ ಕರ್ನಾಟಕಕ್ಕೆ ಯಾವಾಗ ಹೋಗ್ತೀಯ ಅಂತ. ನಾನು ಇಲ್ಲೇ ಹುಟ್ಟಿದ್ದು ಅಂದ್ರೂ ಕೇಳಲ್ಲ. ತಾತಾ, ನೀವೂ ಪ್ರತಿ ಸಂಕ್ರಾಂತಿ ಅದನ್ನೇ ಹೇಳ್ತೀರ ನಂಗೆ."

ವೆಂಕಟರಮಣ ಕುರ್ಚಿಯಲ್ಲಿ ಕೂತರು. ಜೇಬಿನ ಅನುಮತಿ ಪತ್ರ ತೆಗೆದು ಮಡಿಕೆ ಬಿಡಿಸಿ ಓದಿದರು. ಮತ್ತೆ ಮಡಚಿದರು. ಆಮೇಲೆ, "ಮೆಷಿನ್ ಮಹಡಿ ಮೇಲಿದೆ. ಬೆಲ್ಟು ಸಡಿಲ ಆಗಿರಬಹುದು, ನೋಡ್ತೀನಿ" ಎಂದು ಎದ್ದರು. ಮೆಟ್ಟಿಲ ಬಳಿ ನಿಂತು, "ಧರಣೇಂದ್ರರಿಗೆ ಮಾತ್ರ ನೀವೇ ಹೇಳಿ ಮೇಡಂ. ನನ್ನಿಂದ ಆಗಲ್ಲ" ಅಂದರು.

ಆ ಫೋನ್ ಮಾಡುವ ಮುಂಚೆ ಜುಬೈದಾ ಅಂಗಳದಲ್ಲಿ ಎಷ್ಟು ಸುತ್ತು ಹಾಕಿದಳೋ. ಸುಮ್ಮನಿದ್ದುಬಿಟ್ಟರೆ ನಡೆಯುತ್ತಿತ್ತು. ಹುಡುಗಿ ಬಾಯಿ ಬಿಡುವವಳಲ್ಲ. ಧರಣೇಂದ್ರರಿಗೆ ತಮಿಳು ಬರುವುದಿಲ್ಲ. ನಾಳೆ ಫೋಟೋ ಆಗುತ್ತದೆ, ಜೂನಿಗೆ ಆರುನೂರು ಬರುತ್ತದೆ, ಜಾಯ್ಸ್ ಉಳಿಯುತ್ತಾಳೆ. ಚೀಲವನ್ನು ಒಂದು ವರ್ಷ ಹೊರುವವರು ಯಾರೋ ಮಕ್ಕಳು, ಮುಖವನ್ನೂ ನೋಡಿಲ್ಲ. ಆದರೆ ಮುಖ ನೋಡಿರದಿದ್ದರೂ ಬೆನ್ನಿನ ಅಳತೆ ಅವಳಿಗೆ ಗೊತ್ತಿತ್ತು. ಆರು ವರ್ಷದವರಿಗೆ ಪಟ್ಟಿ ಎಷ್ಟುದ್ದ, ಹದಿನಾಲ್ಕರವರಿಗೆ ಎಷ್ಟು ಎಂದು ಕತ್ತರಿಸಿದ್ದು ಅವಳ ಕೈ. ಅಷ್ಟು ಸಣ್ಣ ಬೆನ್ನಿನ ಮೇಲೆ ಅಷ್ಟು ದೊಡ್ಡ ಅಕ್ಷರ.

ಫೋನ್ ಮಾಡಿದಳು.

ಧರಣೇಂದ್ರ ಪೂರ್ತಿ ಕೇಳಿದರು. ಗದರಲಿಲ್ಲ. "ನೀವು ಹೇಳುವುದು ಸರಿ ಇರಬಹುದು" ಅಂದರು. "ಆದ್ರೆ ನಂದೊಂದು ಸ್ವಲ್ಪ ಕೇಳಿ. ಶಾಲೆ ತೆರೆಯುವ ಹಿಂದಿನ ದಿನ ನೀವು ಹೀಗೇ ಫೋನ್ ಮಾಡಿದ್ರೆ ನಾನು ಆರುನೂರು ಮಕ್ಕಳ ತಾಯಂದಿರಿಗೆ ಎಂತ ಹೇಳಲಿ?"

"ಹೊಲಿಗೆಯಲ್ಲಿ ತಡ ಆದದ್ದಲ್ಲ ಸರ್."

"ಯಾವುದರಲ್ಲಿ ಆದ್ರೂ ತಡ ತಡವೇ. ಅಚ್ಚು ಹಾಕುವ ಮೊದಲು ಆ ಶಿಬಿರದವರಲ್ಲಿ ಒಂದು ಮಾತು ಕೇಳಬೇಕಿತ್ತು. ಅದು ಕೆಲಸ ಮಾಡುವ ಕ್ರಮ. ನೀವೂ ಕೇಳಲಿಲ್ಲ, ವೆಂಕಟರಮಣರೂ ಕೇಳಲಿಲ್ಲ."

"ನೀವೂ ಕೇಳಲಿಲ್ಲ ಸರ್. ಅಂಗಡಿಗೆ ಬಂದು ಅದೇ ಚೀಲ ನೋಡಿದ್ರಿ."

"ಹೌದು, ನಾನೂ ಕೇಳಲಿಲ್ಲ" ಅಂದರು. "ನಾಳೆ ನಾನು ಬರುವುದಿಲ್ಲ. ಚೀಲದ ಹಣ ಕೊಡ್ತೇನೆ, ಅದರಲ್ಲಿ ಮಾತಿಲ್ಲ. ಜೂನಿನದ್ದು ಬೇರೆಯವರಿಗೆ ಹೇಳ್ತೇನೆ. ಬೇಜಾರು ಮಾಡ್ಬೇಡಿ."

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ಅವಳನ್ನು ಹೆಚ್ಚು ಕೊರೆಯಿತು.

ಮರುದಿನ ಏಳಕ್ಕೆ ವೆಂಕಟರಮಣ ಎಳ್ಳುಬೆಲ್ಲದ ಪೊಟ್ಟಣ, ಕಬ್ಬು, ನೋಟ್‌ಬುಕ್ಕು, ಬಣ್ಣದ ಪೆಟ್ಟಿಗೆ, ಕಾರ್ಡುಗಳನ್ನು ಕಾರಿಗೆ ತುಂಬಿಕೊಂಡು ಹೊರಟರು. ಅನುಮತಿಯಲ್ಲಿ ಜುಬೈದಾಳ ಹೆಸರೂ ಇತ್ತು. "ಬನ್ನಿ, ಮಕ್ಕಳನ್ನಾದ್ರೂ ನೋಡಿ" ಎಂದು ಕರೆದರು. ಅವಳು ಹೋಗಲಿಲ್ಲ. ಹದಿನಾರರ ಸಂಜೆ ಅವಳು ಕೊಚ್ಚಿಗೆ ಹೊರಡಲೇಬೇಕು. ಅಷ್ಟರೊಳಗೆ ನೂರ ಹದಿನೆಂಟು ಕಿಸೆ ಕೂರಬೇಕು. ಅನುಮತಿ ಒಂದೇ ದಿನದ್ದಾದ್ದರಿಂದ ಹೊಲಿದ ಚೀಲವನ್ನು ಗಡಿಯ ಕಳಿಯಕ್ಕಾವಿಳ ಬಸ್ ಸ್ಟ್ಯಾಂಡಿನಲ್ಲಿ ಕೊಡುವುದು, ಶಿಬಿರದವರೇ ಬಂದು ಒಯ್ಯುವುದು ಎಂದು ನಿರೋಜಾಳ ಹತ್ತಿರ ಮಾತಾಗಿತ್ತು.

ಮಹಡಿಯ ಮೇಲೆ ಮೆಷಿನ್ ಓಡಿತು. ಮೊದಲ ಗಂಟೆಯಲ್ಲೇ ಎರಡು ಸೂಜಿ ಮುರಿದವು. ವಸಂತಾ ಬಟ್ಟೆ ಕತ್ತರಿಸಿ ಅಂಚು ಮಡಚಿ ಕೊಟ್ಟರು. ಅವರು ಕೊಟ್ಟ ಮೊದಲ ಹತ್ತು ಅಂಚು ಸೊಟ್ಟಗಿದ್ದವು. "ನಾನು ರವಿಕೆ ಹೊಲಿದವಳು ಕಣಮ್ಮ, ಚೀಲ ಅಲ್ಲ" ಅಂದರು. "ರವಿಕೆ ಇದಕ್ಕಿಂತ ಸೊಟ್ಟಗೆ ಆದ್ರೆ ಹಾಕುವವರು ಯಾರು ಅಕ್ಕ?" ಎಂದಳು ಜುಬೈದಾ. ಇಬ್ಬರೂ ನಕ್ಕರು. ನಕ್ಕ ಮೇಲೂ ಅವಳ ಕಾಲು ಪೆಡಲಿನ ಮೇಲೆ ನಿಲ್ಲಲಿಲ್ಲ.

ಮಧ್ಯಾಹ್ನ ಎರಡಕ್ಕೆ ವೆಂಕಟರಮಣ ಬಂದರು. ಮಹಡಿ ಹತ್ತಿ ಬಂದು, ಚೀಲದ ರಾಶಿಯ ಪಕ್ಕ ನೆಲದ ಮೇಲೇ ಕೂತರು.

"ಮಕ್ಕಳು ಹೇಗಿದ್ದಾವೆ ಸರ್?"

"ಮಕ್ಕಳ ಹಾಗೇ ಇದ್ದಾವೆ. ಕಬ್ಬಿಗೆ ಕಿತ್ತಾಡಿದ್ವು. ಒಂದು ಹುಡುಗಿ ಮಹತಿ ಕಾರ್ಡನ್ನ ಎಲ್ಲರಿಗೂ ಓದಿ ಹೇಳ್ತು." ನೆಲದ ದಾರದ ಚೂರು ಹೆಕ್ಕುತ್ತ ಅಂದರು. "ಮೊದಲನೇ ಮಗು ಕೈಗೆ ಎಳ್ಳು ಹಾಕುವಾಗ ಬಾಯಿಗೆ ಬಂದೇಬಿಡ್ತು ನೋಡಿ, ಅದೇ ಮಾತು. ಮೂವತ್ತು ವರ್ಷದ ಅಭ್ಯಾಸ. ನುಂಗ್ಕೊಂಡೆ. ಬೇರೆ ಏನ್ ಹೇಳಬೇಕು ಗೊತ್ತಾಗ್ಲಿಲ್ಲ. ಚೆನ್ನಾಗಿ ತಿನ್ನು ಅಂದೆ."

"ಅಷ್ಟು ಸಾಕು ಸರ್" ಎಂದಳು ಜುಬೈದಾ, ಸೂಜಿಯಿಂದ ಕಣ್ಣು ತೆಗೆಯದೆ. "ಆ ದಾರದುಂಡೆ ಸ್ವಲ್ಪ ಈ ಕಡೆ ಕೊಡಿ."

ಅವರು ಕೊಟ್ಟರು. ಆಮೇಲೆ ಎರಡು ದಿನ ದಾರ ಕತ್ತರಿಸುವ ಕೆಲಸ ಅವರದೇ ಆಯಿತು.

ಹದಿನಾರರ ಮಧ್ಯಾಹ್ನ ಕಳಿಯಕ್ಕಾವಿಳದಲ್ಲಿ ಬಸ್ಸುಗಳ ಗದ್ದಲದ ನಡುವೆ ನಿರೋಜಾ, ಇಬ್ಬರು ಗಂಡಸರು ಮತ್ತು ಒಂದು ಆಟೋ ಕಾದಿದ್ದರು. ಗಂಟುಗಳನ್ನು ಇಳಿಸುವಾಗ ನಿರೋಜಾ ಒಂದು ಚೀಲವನ್ನು ಹೊರಗೆಳೆದಳು. ಕಬ್ಬು ಇತ್ತು, ಸೂರ್ಯ ಇತ್ತು, ಕೆಳಗೆ ನೀಲಿ ಕಿಸೆ. ಅವಳು ಕಿಸೆಯೊಳಗೆ ಬೆರಳು ಹಾಕಿ ಹೊಲಿಗೆ ಎಳೆದು ನೋಡಿದಳು. ಪಟ್ಟಿ ಜಗ್ಗಿದಳು. ಜಿಪ್ಪು ಹಾಕಿ ತೆಗೆದಳು. ಚೆನ್ನಾಗಿದೆ ಎಂದು ಹೇಳಲಿಲ್ಲ. "ಆರನೇ ಕ್ಲಾಸಿನವರಿಗೆ ಪಟ್ಟಿ ಸ್ವಲ್ಪ ಗಿಡ್ಡ ಆಯ್ತು ಅಕ್ಕಾ" ಎಂದಳು.

"ಬಕಲ್ ಸರಿಸು, ಎರಡಿಂಚು ಬಿಟ್ಟಿದ್ದೇನೆ" ಎಂದಳು ಜುಬೈದಾ.

ಆಟೋ ಹೊರಟಿತು. ಕೊಚ್ಚಿಯ ರೈಲು ಐದೂವರೆಗಿತ್ತು. ದಾರಿಯುದ್ದಕ್ಕೂ ಅವಳಿಗೆ ಕೂರಲಾಗಲಿಲ್ಲ. ಬಾಗಿಲ ಬಳಿ ನಿಂತೇ ಜಾಯ್ಸ್‌ಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಮಗನ ಫೀಸು ಕಟ್ಟಬೇಕು ಚೇಚೀ" ಅಂದಳು ಜಾಯ್ಸ್. "ಗೊತ್ತು" ಎಂದಳು ಜುಬೈದಾ.

ಆರುನೂರು ಚೀಲದ ಕೆಲಸ ಕೈತಪ್ಪಿತು. ಫೆಬ್ರವರಿ ಒಂದರಿಂದ ಜಾಯ್ಸ್ ಆಲುವದ ಗಾರ್ಮೆಂಟಿಗೆ ಹೋಗುತ್ತಿದ್ದಾಳೆ, ಕಲೂರಿನ ಎರಡನೇ ಮೆಷಿನಿಗೆ ಈಗ ಹೊದಿಕೆ. ನೂರ ಹದಿನೆಂಟು ಮಕ್ಕಳು ಗಡಿಯಾಚೆಯ ಶಾಲೆಗೆ ಹೊಸ ಚೀಲ ಹೊತ್ತು ಹೋಗುತ್ತಿದ್ದಾರೆ. ಅವರ ಬೆನ್ನ ಮೇಲೆ ಓದುವಂಥದ್ದೇನೂ ಇಲ್ಲ. ಅವರಲ್ಲಿ ಒಬ್ಬರನ್ನೂ ಜುಬೈದಾ ನೋಡಲಿಲ್ಲ.